ಐಸಿನ ಹಿಂದಿನ ಘಾಟು

ಊರಿನಿಂದ ನೆಂಟರು ಬಂದರೆ ಮೊಜಂಜಾಹಿ ಮಾರ್ಕೆಟ್ಟಿಗೆ ಐಸ್‌ಕ್ರೀಮ್ ತಿನ್ನಲು ಕರೆದುಕೊಂಡು ಹೋಗುವುದು ಹೈದರಾಬಾದಿನ ಕನ್ನಡಿಗರಾದ ನಮಗೆ ಸಂಪ್ರದಾಯವೇ ಆಗಿಬಿಟ್ಟಿದೆ. ಏಳನೇ ನಿಜಾಮರ ಎರಡನೇ ಮಗನ ಹೆಸರಿನ ಈ ಕಲ್ಲಿನ ಮಾರುಕಟ್ಟೆ 1935ರದ್ದು. ಅದಕ್ಕೂ ನೂರು ವರ್ಷ ಹಿಂದೆ ನಮ್ಮ ದೇಶಕ್ಕೆ ಐಸ್ ಬರುತ್ತಿದ್ದದ್ದು ಎಲ್ಲಿಂದ ಗೊತ್ತೆ? ಅಮೆರಿಕದಿಂದ! ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಹಡಗು ತುಂಬ ಐಸ್ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಕರಗಿ ಉಳಿದದ್ದಷ್ಟೇ ಲಾಭ. ಚೆನ್ನೈನ ಮರೀನಾದಲ್ಲಿ ಆ ಐಸ್ ಇಡಲು ಕಟ್ಟಿದ ಮನೆಯೇ ಇಂದಿನ ವಿವೇಕಾನಂದರ್ ಇಲ್ಲಂ.

ಈ ವ್ಯಾಪಾರವನ್ನು ಮುಳುಗಿಸಿದ್ದು ಯಂತ್ರದ ಐಸ್. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ, 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ, ಇಬ್ಬರೂ ನೆಚ್ಚಿಕೊಂಡದ್ದು ಅಮೋನಿಯಾವನ್ನು. ಕಲಾಯಿ ಹಾಕುವವನು ಬಿಸಿ ಪಾತ್ರೆಗೆ ನವಸಾಗರ ಉಜ್ಜಿದಾಗ ಮೂಗಿಗೆ ಬಡಿಯುತ್ತಿದ್ದ ಘಾಟು ನೆನಪಿದೆಯಲ್ಲ, ಅದೇ ಬಳಗ. ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ, ಕುದಿಯುವಾಗ ಸುತ್ತಲಿನ ಶಾಖವನ್ನೆಲ್ಲ ಹೀರುತ್ತದೆ, ಅಗ್ಗವೂ ಹೌದು. ಮನೆಯ ಫ್ರಿಜ್ಜಿಗೆ 1930ರ ದಶಕದಲ್ಲಿ ಫ್ರಿಯಾನ್ ಬಂತು. ಅದು ಓಜೋನ್ ಪದರ ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದನ್ನು ಹೊರದಬ್ಬಲು ಶುರುಮಾಡಿತು. ಐಸ್ ಕಾರ್ಖಾನೆ, ಡೈರಿ, ಕೋಲ್ಡ್ ಸ್ಟೋರೇಜುಗಳಲ್ಲಿ ಮಾತ್ರ ಅಮೋನಿಯಾ ಕದಲಲೇ ಇಲ್ಲ.

ಸೋರಿದರೆ? 2020ರಲ್ಲಿ ಚಿತ್ತೂರು ಜಿಲ್ಲೆಯ ಒಂದು ಡೈರಿ, 2023ರಲ್ಲಿ ಮಂಗಳೂರಿನ ಬೈಕಂಪಾಡಿಯ ಒಂದು ಮೀನು ಘಟಕ... ಎರಡೂ ಕಡೆ ಆಸ್ಪತ್ರೆ ಸೇರಿದವರು ಅಲ್ಲಿ ದುಡಿಯುತ್ತಿದ್ದವರು. ಭೋಪಾಲದ ನಂತರ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು ನಿಜ. ಆದರೆ ಅವುಗಳ ದೊಡ್ಡ ಕಟ್ಟಳೆಗಳು ಅಮೋನಿಯಾ 60 ಟನ್ ಮುಟ್ಟಿದ ಮೇಲಷ್ಟೇ ಅನ್ವಯ. ಗಲ್ಲಿಯ ಐಸ್ ಕಾರ್ಖಾನೆಯಲ್ಲಿ ಅಷ್ಟೆಲ್ಲಿ ಇರುತ್ತದೆ ಹೇಳಿ!

ಹಳಬರು ಗಂಧಕದ ಬತ್ತಿ ಹಚ್ಚಿ ಪೈಪಿನ ಜೋಡಣೆಗಳ ಹತ್ತಿರ ಹಿಡಿಯುತ್ತಿದ್ದರು. ಸೋರುತ್ತಿದ್ದಲ್ಲಿ ದಟ್ಟ ಬಿಳಿ ಹೊಗೆ. ಈಗ ಸೆನ್ಸರುಗಳಿವೆ. ಆದರೂ ಬಹಳಷ್ಟು ಅನಾಹುತ ಆಗುವುದು ಎಣ್ಣೆ ತೆಗೆಯುವಾಗ. ಕಂಪ್ರೆಸರಿನ ಎಣ್ಣೆ ಅಮೋನಿಯಾಕ್ಕಿಂತ ಭಾರ, ತಳದಲ್ಲಿ ನಿಲ್ಲುತ್ತದೆ, ಆಗಾಗ ಬಸಿಯಬೇಕು. ವಾಲ್ವ್ ತೆರೆದಿಟ್ಟು ಆ ಕಡೆ ಹೋದರೆ ಎಣ್ಣೆಯ ಬೆನ್ನಿಗೇ ಅಮೋನಿಯಾ ನುಗ್ಗುತ್ತದೆ. ಇದಕ್ಕಾಗಿಯೇ ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಇದೆ. ಹಿಡಿದು ನಿಂತು ಕೈ ನೋಯುತ್ತದೆಂದು ಅದಕ್ಕೆ ತಂತಿ ಕಟ್ಟಿ ತೆರೆದಿಡುವ ಬುದ್ಧಿವಂತರೂ ಇದ್ದಾರೆ.