ಬಿಳಿ ನವಿಲು ಸಾಕಬಹುದಾ? ಫೆಸೆಂಟ್, ಬೆಳವ ಸಾಕುವವರಿಗೆ ಮಾಹಿತಿ

ಮೇಲವಂಕಿ: ಮಳೆಗಾಲದಾಗ ಕಬ್ಬಿನ ಹೊಲದ ಬದುವಿನಲ್ಲಿ ನವಿಲಿನ ತತ್ತಿ ಸಿಕ್ಕರೆ ಮನೆಗೆ ತಂದು ಕೋಳಿ ಕಾವಿಗೆ ಇಡುವವರಿದ್ದಾರೆ. ಮರಿ ಆದ ಮೇಲೆ ಓಣಿ ಮಂದಿಗೆಲ್ಲ ಅದೊಂದು ಸಂಭ್ರಮ. ಆದರೆ ಕಾನೂನಿನ ಪ್ರಕಾರ ಅದು ಬೇಟೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ತತ್ತಿ ತೆಗೆಯುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ನವಿಲು 1963ರಿಂದ ರಾಷ್ಟ್ರಪಕ್ಷಿ. ಈ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ತಪ್ಪು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂ. ದಂಡ.

ಬಿಳಿ ನವಿಲಿನ ವಿಚಾರದಲ್ಲಿ ಹೆಚ್ಚು ಮಂದಿ ಮೋಸ ಹೋಗುತ್ತಾರೆ. ‘ಇದು ಫಾರಿನ್ ಹಕ್ಕಿ, ಏನೂ ತೊಂದರೆ ಇಲ್ಲ’ ಎಂದು ಮಾರುವವರು ಹೇಳುತ್ತಾರೆ. ಫಾರಿನ್ ಅಲ್ಲ. ನಮ್ಮ ಹೊಲಕ್ಕೆ ಬರುವ ನವಿಲೇ ಅದು, ಗರಿಗೆ ಬಣ್ಣ ಬಾರದ ತಳಿ ಅಷ್ಟೇ. ಕಣ್ಣಿಗೆ ಮಾತ್ರ ಬಣ್ಣ ಇರುತ್ತದೆ. ಜಾತಿ ಒಂದೇ ಆದ್ದರಿಂದ ಕಾಯ್ದೆಯೂ ಒಂದೇ. ಸಾವಿರಾರು ರೂಪಾಯಿ ಕೊಟ್ಟು ತಂದವರೇ ಕೇಸಿನಲ್ಲಿ ಸಿಕ್ಕಿಬೀಳುವುದು. ತಾನಾಗಿ ಉದುರಿದ ಗರಿಯನ್ನು ಇಟ್ಟುಕೊಳ್ಳುವುದಕ್ಕೆ, ಜಾತ್ರೆಯಲ್ಲಿ ಮಾರುವುದಕ್ಕೆ ದೇಶದೊಳಗೆ ಅಡ್ಡಿಯಿಲ್ಲ. ಹೊರದೇಶಕ್ಕೆ ಕಳಿಸುವಂತಿಲ್ಲ. ನವಿಲು ನೋಡಲೇಬೇಕೆಂದರೆ ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯಲ್ಲಿ ನವಿಲು ಧಾಮ ಇದೆ. ಅದನ್ನು 2006ರಲ್ಲಿ ಘೋಷಿಸಲಾಗಿದೆ.

ಹೊಲದ ಬೆಳವ, ಕಾಡುಕೋಳಿ, ಹಿಮಾಲಯದ ಫೆಸೆಂಟ್‌ಗಳನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ.

ಹಾಗಾದರೆ ಸಾಕುವುದು ಯಾವುದನ್ನ? ಚೀನಾ ಮೂಲದ ಗೋಲ್ಡನ್ ಫೆಸೆಂಟ್, ಆಸ್ಟ್ರೇಲಿಯಾದ ಡೈಮಂಡ್ ಡವ್, ಬಹಳ ಕಾಲದಿಂದ ಪಂಜರದಲ್ಲೇ ಬೆಳೆದ ಬಿಳಿ ಬೆಳವ ಇವು ಸಾಮಾನ್ಯ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಕ್ಕಿ ಇದ್ದವರು (ಹಸಿರು ನವಿಲು ಅಂಥದ್ದು) 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಗೋಲ್ಡನ್ ಫೆಸೆಂಟ್, ಡೈಮಂಡ್ ಡವ್ ಆ ಪಟ್ಟಿಯಲ್ಲಿಲ್ಲ. ಆದರೂ ಖರೀದಿ ಬಿಲ್ ಜೋಪಾನವಾಗಿಡಿ. ಹಕ್ಕಿ ಮಾರುವ ಅಂಗಡಿಯವರಿಗೆ ಇನ್ನೊಂದು ಮಾತು: 2018ರ ಸಾಕುಪ್ರಾಣಿ ಅಂಗಡಿ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ.

ಗೋಲ್ಡನ್ ಫೆಸೆಂಟ್ ಚಳಿ ತಡೆಯುತ್ತದೆ, ನಮ್ಮ ಏಪ್ರಿಲ್-ಮೇ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ನೇರ ಬಿಸಿಲಿಗೆ ಗಂಡಿನ ಗರಿಯ ಬಣ್ಣವೂ ಮಾಸುತ್ತದೆ. ಹಾಗಾಗಿ ಗೂಡನ್ನು ಗಿಡದ ನೆರಳಿಗೆ ಕಟ್ಟಿ, ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಿದರೆ ಒಳಗೆ ತಂಪು. ಜಾಳಿಗೆಯ ಕಣ್ಣು ಅರ್ಧ ಇಂಚು ಮೀರಬಾರದು, ಇಲ್ಲದಿದ್ದರೆ ಇಲಿ, ಹಾವು ಒಳನುಗ್ಗುತ್ತವೆ. ಒಂದು ಗಂಡಿಗೆ ಎರಡು-ಮೂರು ಹೆಣ್ಣು ಬಿಡಬೇಕು, ಎರಡು ಗಂಡು ಒಂದೇ ಗೂಡಿನಲ್ಲಿದ್ದರೆ ಕಾದಾಟ ಖಚಿತ. ತತ್ತಿ 22-23 ದಿನಕ್ಕೆ ಒಡೆಯುತ್ತದೆ. ಗಂಡಿಗೆ ಪೂರ್ತಿ ಬಣ್ಣ ಬರುವುದು ಎರಡನೇ ವರ್ಷಕ್ಕೆ. ‘ಬಣ್ಣ ಇಲ್ಲ, ಹೆಣ್ಣು ಕೊಟ್ಟರು’ ಎಂದು ಮೊದಲ ವರ್ಷವೇ ಜಗಳಕ್ಕೆ ಹೋಗಬೇಡಿ.

ಬೆಳವ ಸುಲಭ. ಎರಡೇ ತತ್ತಿ, ಎರಡು ವಾರದ ಕಾವು. ಸಜ್ಜೆ, ನವಣೆ ಸಾಕು; ದೊಡ್ಡ ಬೆಳವಕ್ಕೆ ಜೋಳವೂ ನಡೆಯುತ್ತದೆ. ಕಾಳನ್ನು ಇಡಿಯಾಗಿ ನುಂಗುವುದರಿಂದ ಸಣ್ಣ ಹರಳು ಇಡಲೇಬೇಕು.

ದೊಡ್ಡ ಅಪಾಯ ಮನೆಯ ಕೋಳಿಯಿಂದ. ನಾಟಿ ಕೋಳಿಗೆ ಏನೂ ಆಗದ ಹೊಟ್ಟೆಹುಳದ ಮೂಲಕ ಬರುವ ಕರಿತಲೆ ರೋಗ ಫೆಸೆಂಟ್‌ಗಳನ್ನು ಕೊಲ್ಲಬಹುದು. ಕೋಳಿ ತಿರುಗಾಡಿದ ನೆಲದಲ್ಲಿ ಗೂಡು ಕಟ್ಟಬಾರದು. ಕೊಕ್ಕರೆ ರೋಗದ ಲಸಿಕೆ ಬಗ್ಗೆ ಪಶು ಆಸ್ಪತ್ರೆಯಲ್ಲಿ ಕೇಳಿ, ಅಥವಾ 1962ಕ್ಕೆ ಕರೆ ಮಾಡಿ. ಗಾಯಗೊಂಡ ನವಿಲು, ಬಿಟ್ಟುಹೋದ ತತ್ತಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು.