ಕುಸಿತವೆಂಬ ಪದ, ಮುಂಬಯಿಯ ಚಾಳುಗಳು

ಇಂಗ್ಲಿಷಿನ 'ಕೊಲ್ಯಾಪ್ಸ್' ಲ್ಯಾಟಿನ್ ಮೂಲದ ಪದ. 'ಒಟ್ಟಾಗಿ ಜಾರು' ಎಂಬುದು ಅದರ ಧಾತ್ವರ್ಥ. ಮಳೆಗಾಲ ಬಂತೆಂದರೆ ಇಲ್ಲಿನ ಮರಾಠಿ ಪತ್ರಿಕೆಗಳು 'ಇಮಾರತ್ ಕೋಸಳಲೀ' ಎನ್ನುತ್ತವೆ, ನಾವು 'ಕಟ್ಟಡ ಕುಸಿಯಿತು' ಎನ್ನುತ್ತೇವೆ. ಎರಡೂ ಅಕರ್ಮಕ ಕ್ರಿಯಾಪದಗಳೇ. ಕೆಡವಿದವರು ಯಾರೆಂದು ವ್ಯಾಕರಣ ಕೇಳುವುದಿಲ್ಲ.

ಇತಿಹಾಸ ಕೇಳಬೇಕಾಗುತ್ತದೆ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಊರು ಬಿಟ್ಟು ಬಂದು ಗಿರಗಾಂವ್, ಫೋರ್ಟ್‌ಗಳ ಇಕ್ಕಟ್ಟಾದ ಕೋಣೆಗಳಲ್ಲಿ ಸಾಲಾಗಿ ಮಲಗುತ್ತಿದ್ದ ನಮ್ಮ ಹಿರಿಯರಿಗೆ ಅದು ವರವೇ ಆಗಿತ್ತು (ಕಾಯಿದೆಯನ್ನು ಹಳಿಯುವವರು ಇದನ್ನು ಮರೆಯಬಾರದು). ಆದರೆ ಆದಾಯ ಬತ್ತಿದ ಮಾಲೀಕರಲ್ಲಿ ಹಲವರು ದುರಸ್ತಿಯನ್ನೇ ಕೈಬಿಟ್ಟರು. 1969ರ ಕಾಯಿದೆಯ ಮೂಲಕ ಸರಕಾರ ಸೆಸ್ ವಿಧಿಸಿ ದುರಸ್ತಿ ಮಂಡಳಿಯನ್ನು ರಚಿಸಿತು. ಅಲ್ಲಲ್ಲಿ ತೊಲೆಗಳಿಗೆ ಊರೆ ಕೊಟ್ಟದ್ದಾಯಿತು. 2017ರ ಆಗಸ್ಟ್ 31ರಂದು ಭೆಂಡಿ ಬಜಾರಿನ ಹುಸೈನಿ ಕಟ್ಟಡ ನೆಲಕ್ಕುರುಳಿ 33 ಮಂದಿ ಸತ್ತರು. ಅದಕ್ಕೆ ನೂರು ವರ್ಷ ದಾಟಿತ್ತು.

ಹಾಗಾದರೆ ಬಾಡಿಗೆಯೊಂದೇ ಕಾರಣವೆನ್ನೋಣವೇ? 2013ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಡಾಕ್‌ಯಾರ್ಡ್ ರಸ್ತೆಯಲ್ಲಿ ಬಿದ್ದು 61 ಜೀವ ತೆಗೆದ ಕಟ್ಟಡಕ್ಕೆ ನಾಲ್ಕು ದಶಕವೂ ಆಗಿರಲಿಲ್ಲ. ಅದರ ಒಡೆತನ ಮಹಾನಗರಪಾಲಿಕೆಯದು. ಒಳಗೆ ಮಲಗಿದ್ದವರು ಅದರದೇ ನೌಕರರು, ಅವರ ಹೆಂಡಿರು ಮಕ್ಕಳು.