ಎತ್ತು ಎಳೆದ ದೂರ, ಬಂಡೆ ತಡೆದ ಎತ್ತರ

ತಲೆಯೆತ್ತಿ ನೋಡಿ. ಮಧುಗಿರಿ ಬೆಟ್ಟದ ನೆತ್ತಿಯ ಕಡೆ ಬರಿಯ ಬಂಡೆ. ಅದರಲ್ಲಿ ಕಾಲಿಡಲು ಕೊರೆದ ಕಚ್ಚುಗಳು. ಗಾಡಿಯ ಮಾತೇ ಇಲ್ಲ.

ಶಿರಾದ ಕಥೆ ಬೇರೆ. ಅದು ಬಯಲು, ಗಾಲಿ ಉರುಳುವ ನೆಲ. 1687ರಲ್ಲಿ ಮೊಘಲರು ಅದನ್ನೇ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರ ಮಾಡಿಕೊಂಡರು. 1761ರಲ್ಲಿ ಹೈದರ್ ಅಲಿಯ ಪಾಲಾಯಿತು. ಅವನ ತೋಪುಗಾಡಿಗಳನ್ನು ಎಳೆದದ್ದು ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯ, ಅಂದರೆ ಅರಮನೆಯ ದನಗಳ ಇಲಾಖೆಯ, ತಳಿ. ಅದಕ್ಕೆ ಅಮೃತಮಹಲ್ ಎಂಬ ಹೆಸರು ಕೊಟ್ಟವನು ಹೈದರನ ಮಗ ಟಿಪ್ಪು. ನೀಳ ಕೊಂಬು, ಬಿಗಿದ ಮೈ, ಗಟ್ಟಿ ಗೊರಸು. ಭಾರಕ್ಕಿಂತ ಬಿರುಸಿಗೆ ಹೆಸರಾದ ಎತ್ತು. ಕೆಸರಲ್ಲೋ ಏರಿನಲ್ಲೋ ಗಾಲಿ ಹೂತರೆ ಆನೆ ಹಿಂದಿನಿಂದ ಹಣೆಯೊತ್ತಿ ತೋಪು ತಳ್ಳುತ್ತಿತ್ತು. ಆ ಕಾಲದ ಫೋರ್‌ವೀಲ್ ಡ್ರೈವ್ ಎನ್ನಿ!

ಪಾವಗಡದಲ್ಲಿ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗದಲ್ಲಿ ಗಾಲಿಯ ಆಟ ಬೆಟ್ಟದ ಬುಡಕ್ಕೇ ಮುಗಿಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಆಳಿನ ಹೆಗಲೇ ಗಾಡಿ.